ಗೋಡೆಗೆ ಮುಖ, ಗೀತಮ್ಮನಿಗೆ ಬೆನ್ನು

ನೂರ್ ಅಹಮ್ಮದ್: ಇದನ್ನ ಯಾರು ಅಂಟಿಸಿದ್ದು? ಅಷ್ಟು ಹೇಳ್ರಿ, ಸಾಕು.

ನಾಗಭೂಷಣ: ಯಾರು ಅಂಟಿಸಿದ್ರೇನಪ್ಪ? ಅಂಟೈತೋ ಇಲ್ಲೋ ಅದನ್ನ ನೋಡು.

ನೂರ್ ಅಹಮ್ಮದ್: ಅಂಟೈತೆ ನಾಗಣ್ಣ. ಅದೇ ಬಂದಿರೋ ಕಷ್ಟ. ಅಂಟದೆ ಇದ್ದಿದ್ರೆ ಈಗ್ಲೇ ಕಿತ್ತು ಸರಿ ಮಾಡ್ತಿದ್ದೆ.

ಗೀತಮ್ಮ: ಏನಾಗೈತೆ ಮೇಸ್ತ್ರಿ? ಬಿಡಿಸಿ ಹೇಳ್ರಿ.

ನೂರ್ ಅಹಮ್ಮದ್: ಎಲ್ಲಾ ಉಲ್ಟಾ ಆಗೈತೆ ಗೀತಕ್ಕ. ಗಾಜಿನ ಹೊಳೆಯೋ ಮುಖ ಗೋಡೆಗೆ ತಿರುಗ್ಸಿ, ಬಲೆ ಇರೋ ಬೆನ್ನು ನಮ್ಮ ಕಡೆ ಬಿಟ್ಟವ್ರೆ. ಒಂದಲ್ಲ, ಎರಡಲ್ಲ, ಹದಿನಾಲ್ಕು ಶೀಟು!

ಮೊಳಕಾಲ್ಮೂರಿನ ಆ ಬಚ್ಚಲುಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊಸ್ತಿಲ ಮೇಲೆಯೇ ನಿಲ್ಲಬೇಕು. ಹೊಸ್ತಿಲು ಗೀತಮ್ಮನ ಪಾಲಿಗೆ ಬಂದಿತ್ತು. ಚಳ್ಳಕೆರೆಯ ಮೇಸ್ತ್ರಿ ನೂರ್ ಅಹಮ್ಮದ್ ನಾದಿನಿಯ ಮಗಳ ಮದುವೆಗೆಂದು ಎರಡು ದಿನ ಊರಿಗೆ ಹೋಗುವಾಗ, ಗಾಜು ಮತ್ತು ತಗಡಿನ ಚೂರುಗಳ ಮೊಸಾಯಿಕ್ ಶೀಟುಗಳನ್ನು ತೋರಿಸಿ, "ಇದನ್ನ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋಗಿದ್ದ. ಹೇಳದೆ ಹೋಗಿದ್ದರೆ ಗೀತಮ್ಮನ ಗಂಡ ನಾಗಭೂಷಣ ಬಹುಶಃ ಮುಟ್ಟುತ್ತಿರಲಿಲ್ಲ. ಪಾಪ, ಕೆಟ್ಟ ಮನುಷ್ಯನಲ್ಲ. ಮೂವತ್ತು ವರ್ಷದಿಂದ ರೇಷ್ಮೆ ಸೀರೆ ನೇಯುವ ಕೈ. ಆದರೆ ಆ ಕೈ ಬೇರೆ ಕೆಲಸಕ್ಕೆ ಹೋದಾಗಲೆಲ್ಲ ಮನೆಯಲ್ಲಿ ಒಂದು ಸಾಮಾನು ಕಡಿಮೆಯಾಗುತ್ತಿತ್ತು. ಹೋದ ವರ್ಷ ಮಿಕ್ಸಿಯ ಒಳಗೆ ಏನಿದೆ ಎಂದು ಬಿಚ್ಚಿ ನೋಡಿದ್ದ. ಅಂದಿನಿಂದ ಆ ಮನೆಯ ಚಟ್ನಿಗೆ ಒರಳಿನ ರುಚಿ ಬಂದಿದೆ. ತಿಂದವರು ಚೆನ್ನಾಗಿದೆ ಅನ್ನುತ್ತಾರೆ, ರುಬ್ಬುವವಳನ್ನು ಯಾರೂ ಕೇಳುವುದಿಲ್ಲ.

ಇರಲಿ, ಬಚ್ಚಲಿಗೆ ಬರೋಣ. ಗೀತಮ್ಮನಿಗೆ ಮೊಸಾಯಿಕ್ಕೂ ಬೇಡ, ಹೊಳಪೂ ಬೇಡ. ಅವಳಿಗೆ ಬೇಕಾಗಿದ್ದು ತನ್ನ ಮನೆಯಲ್ಲಿ ತಾನು ಬಾಗಿಲು ಹಾಕಿಕೊಂಡು ಸುಮ್ಮನೆ ಎರಡು ಚೊಂಬು ನೀರು ಹಾಕಿಕೊಳ್ಳುವುದು. ಹನ್ನೊಂದು ದಿನದಿಂದ ಸೀರೆ, ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಗೆ, ಅಂದರೆ ಗಂಡನ ಅಣ್ಣನ ಹೆಂಡತಿ, ವಾರಗಿತ್ತಿ ಹುಚ್ಚಕ್ಕನ ಮನೆಗೆ ಸ್ನಾನಕ್ಕೆ ಹೋಗುತ್ತಿದ್ದಳು. ಮೈಗೆ ಸೋಪು ಹಚ್ಚಿಕೊಂಡಾಗಲೇ ಹುಚ್ಚಕ್ಕ ಹೊರಗಿನಿಂದ, "ನಿಧಾನಕ್ಕೆ ಹಾಕ್ಕಳವ್ವ, ಸೋಲಾರ್ ನೀರು ನಮಗೂ ಒಂದಿಷ್ಟು ಉಳೀಲಿ" ಅನ್ನುತ್ತಿದ್ದಳು. ಬಚ್ಚಲಿನ ಕೆಲಸ ಇವತ್ತಿಗೆ ಮುಗಿಯುತ್ತದೆ ಎಂದು ಗೀತಮ್ಮ ದಿನ ಎಣಿಸಿದ್ದಳು.

ನಾಗಭೂಷಣ: ನೋಡು ನೂರಣ್ಣ, ನೀನು ಗಾರೆ ಕೆಲಸದೋನು, ನಿನಗೆ ತಿಳಿಯಲ್ಲ. ಮಗ್ಗದಾಗೆ ಸೀರೆಗೆ ಬುಟ್ಟಾ ಹೂವು ಹಾಕ್ವಾಗ ನೇಯೋನ ಕಣ್ಣಿಗೆ ಬೀಳೋದು ಯಾವತ್ತಿದ್ರೂ ಬೆನ್ನೇ. ಮುಖ ಕೆಳಗಿರ್ತೈತೆ. ಸೀರೆ ಕೊಯ್ದು ಮಗುಚಿದ್ರೆ ಹಾ ಅಂತ ಹೊಳೀತೈತೆ.

ನೂರ್ ಅಹಮ್ಮದ್: ಸರಿ. ಈಗ ಗೋಡೆ ಕೊಯ್ದು ಮಗುಚ್ರಿ.

ನಾಗಭೂಷಣ: ಒಣಗಿದ ಮೇಲೆ ಆ ಬಲೆ ಕಿತ್ರೆ ಮುಖ ಬರ್ತೈತೆ ಅಂತ ಲೆಕ್ಕ ಹಾಕಿದ್ದೆ.

ನೂರ್ ಅಹಮ್ಮದ್: ಬಲೆ ಕಿತ್ರೆ ಬರೀ ಬೆನ್ನು ಬರ್ತೈತೆ. ಬೆನ್ನಿನ ಮೇಲೊಂದು ಮುಖ ಇಟ್ಟಿರ್ತಾರಾ ಯಾರಾದ್ರೂ?

ಗೀತಮ್ಮ: ಅಂದ್ರೆ ಆ ಮುಖ ಈಗ ಯಾವ ಕಡೆ ನೋಡ್ತೈತೆ?

ನೂರ್ ಅಹಮ್ಮದ್: ಗೋಡೆ ಆ ಕಡೆ ಯಾರ ಮನೆ?

ಗೀತಮ್ಮ: ನಮ್ಮ ಹುಚ್ಚಕ್ಕಂದು.

ನೂರ್ ಅಹಮ್ಮದ್: ಹಂಗಾದ್ರೆ ಅವರ ಕಡೆ.

ಗೀತಮ್ಮ: ಆಹಾ! ಮದ್ವೆ ಆದಾಗಿಂದ ಇದೇ ಆಯ್ತು. ಚೆಂದದ ಮುಖ ಎಲ್ಲಾ ಅಣ್ಣನ ಮನೆ ಕಡೆ, ಬೆನ್ನು ನನಗೆ. ಗೋಡೆಗಾದ್ರೂ ಬ್ಯಾರೆ ಬುದ್ಧಿ ಕಲಿಸ್ಬಾರ್ದಿತ್ತಾ?

ನಾಗಭೂಷಣ: ಲೇ, ನೀನು ಮಧ್ಯೆ ಬಾಯಿ ಹಾಕಬ್ಯಾಡ. ಚೂದ್ದಾಂ, ಚೂದ್ದಾಂ!

ವಾದದಲ್ಲಿ ಸೋಲುವ ಹೊತ್ತಿಗೆ ನಾಗಭೂಷಣನಿಗೆ ತೆಲುಗು ಬರುತ್ತಿತ್ತು. 'ನೋಡೋಣ, ನೋಡೋಣ' ಅನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ನೋಡುವ ಕೆಲಸ ನಾಳೆಗೆ ಹೋಗುತ್ತದೆ ಎಂಬ ನಂಬಿಕೆ. ಅಷ್ಟರಲ್ಲಿ ನೂರ್ ಅಹಮ್ಮದ್ ಮೂಲೆಯಲ್ಲಿ ಉಳಿದಿದ್ದ ಒಂದು ಶೀಟನ್ನು ಎತ್ತಿ ಬೆಳಕಿಗೆ ಹಿಡಿದ.

ನೂರ್ ಅಹಮ್ಮದ್: ತೋಬಾ! ಈ ತಗಡಿನ ತುಂಡೆಲ್ಲಾ ಯಾಕೆ ಕೆರೆದೋಗೈತೆ? ಇಲ್ಲಿ ಸುಟ್ಟೂ ಐತೆ!

ನಾಗಭೂಷಣ: ಪರೀಕ್ಷೆ ಮಾಡ್ದೆ.

ನೂರ್ ಅಹಮ್ಮದ್: ಯಾವ ಪರೀಕ್ಷೆ?

ನಾಗಭೂಷಣ: ಅಸಲಿನಾ ನಕಲಿನಾ ಅಂತ. ಜರಿ ತಂದ್ರೆ ಕಲ್ಲಿಗೆ ಉಜ್ಜಿ ನೋಡಲ್ವಾ? ಎಳೆಗೆ ಬೆಂಕಿ ಇಟ್ಟು ನೋಡಲ್ವಾ? ಅಂಗಡಿಯೋನು ಬಂಗಾರದ ಕಲರ್ ಅಂದ. ಉಜ್ಜಿದೆ, ಕಡ್ಡಿ ಗೀರಿದೆ. ಪ್ಲಾಸ್ಟಿಕ್ ವಾಸನೆ ಬಂತು! ಮೋಸ!

ನೂರ್ ಅಹಮ್ಮದ್: ಅದು ಗೀಚು ಬೀಳದಂಗೆ ಮೇಲೆ ಅಂಟ್ಸಿರೋ ಪ್ಲಾಸ್ಟಿಕ್ ಹಾಳೆ ನಾಗಣ್ಣ!

ನಾಗಭೂಷಣ: ಗೀಚು ಬೀಳದಂಗೆ ಅಂತೀಯ. ನಾನು ಉಜ್ಜಿದ ಕೂಡ್ಲೆ ಬಿತ್ತಲ್ಲ?

ಗೀತಮ್ಮ: ಬಚ್ಚಲಿಗೆ ಯಾರ್ರೀ ಬಂಗಾರ ಹಾಕ್ತಾರೆ? ನನ್ನ ಕಿವಿಗೇ ಹಾಕ್ಲಿಲ್ಲ. ಮೇಸ್ತ್ರಿ, ಇದನ್ನೆಲ್ಲಾ ಕಿತ್ತು ಸರಿ ಮಾಡಾಕೆ ಎಷ್ಟು ದಿನ ಬೇಕು?

ನೂರ್ ಅಹಮ್ಮದ್: ಗಮ್ಮು ಕಲ್ಲಾಗೈತೆ. ಒಡೀಬೇಕು, ಮತ್ತೆ ಗಾರೆ ಮಾಡ್ಬೇಕು, ಹೊಸ ಶೀಟು ತರಿಸ್ಬೇಕು. ಎಂಟು ದಿನ.

ಗೀತಮ್ಮ ಹೊಸ್ತಿಲಿಗೆ ಒರಗಿದಳು. ಇನ್ನೂ ಎಂಟು ದಿನ ಆ ಸೋಲಾರ್ ಮಾತು ಕೇಳಬೇಕು. ಗಂಡನನ್ನು ಬಯ್ಯಲು ಒಳ್ಳೆಯ ಮಾತೊಂದು ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ಅಂಗಳದಲ್ಲಿ ಬಳೆ ಸದ್ದಾಯಿತು. ಹುಚ್ಚಕ್ಕ, ಕರೆಯದೆ ಬರುವುದರಲ್ಲಿ ಆ ಓಣಿಗೇ ಮೊದಲಿಗಳು, ಒಳಗೆ ಬಂದು ಕತ್ತು ಚಾಚಿದಳು.

ಹುಚ್ಚಕ್ಕ: ಏನು ಕೂಗಾಟ ನಿಮ್ದು? ನಮ್ಮ ಅಡಿಗೆಮನೆ ತನಕ ಕೇಳ್ತೈತೆ. ಇದೇನಿದು ಗೋಡೆ? ಬಲೆ ಬಲೆ ಕಾಣ್ತೈತೆ! ತಪ್ಪಾಗೈತಾ?

ನೂರ್ ಅಹಮ್ಮದ್: ಹೂನಮ್ಮ, ಇವರು...

ಗೀತಮ್ಮ: ತಪ್ಪೆಂಥದ್ದಕ್ಕ? ಡಿಜೈನೇ ಹಂಗೈತೆ!

ನಾಗಭೂಷಣ ಹೆಂಡತಿಯನ್ನು ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಅವಳು ತನ್ನ ಪರ ಮಾತಾಡಿದ್ದು ಇದೇ ಮೊದಲು ಅನ್ನಿಸಿತೋ ಏನೋ, ಎದೆ ಸ್ವಲ್ಪ ಮುಂದೆ ಬಂತು. ಮನೆಯೊಳಗೆ ಗಂಡ ದಡ್ಡ, ಸರಿ. ಆದರೆ ಅದನ್ನು ಹೇಳುವ ಹಕ್ಕು ಹುಚ್ಚಕ್ಕನಿಗೆ ಹೋಗಬಾರದು.

ಹುಚ್ಚಕ್ಕ: ಡಿಜೈನಾ? ಹೊಳಪೇ ಇಲ್ಲ?

ಗೀತಮ್ಮ: ಹೊಳಪು ಒಳಗೈತೆ. ಹೊರಗೆ ಹೊಳೆಯೋದೆಲ್ಲಾ ಈಗ ಹೋಟೆಲ್‌ನೋರು ಹಾಕ್ಸೋದು. ಮನೆತನಸ್ಥರು ಇದನ್ನೇ ಹಾಕ್ಸೋದು.

ನಾಗಭೂಷಣ: ಹೂ ಅತ್ತಿಗೆ. ನಾನೇ ನಿಂತು ಕೂರಿಸ್ದೆ. ಎಲ್ಲರ ಕೈಗೂ ಬರಲ್ಲ.

ನೂರ್ ಅಹಮ್ಮದ್: ಅದಂತೂ ನಿಜ. ನನ್ನ ಕೈಗೆ ಈ ಜನ್ಮದಾಗೆ ಬರಲ್ಲ.

ಹುಚ್ಚಕ್ಕ ಬಲೆಯ ಮೇಲೆ ಬೆರಳಾಡಿಸಿದಳು. ತನ್ನ ಮನೆಯ ಬಚ್ಚಲಿನ ನೀಲಿ ಟೈಲ್ಸು ನೆನಪಿಗೆ ಬಂದು ಮುಖ ಸಣ್ಣಗಾಯಿತು. ತಮ್ಮನ ಮನೆಯಲ್ಲಿ ಇರುವುದು ಅಣ್ಣನ ಮನೆಯಲ್ಲಿ ಇಲ್ಲ ಅಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಹುಚ್ಚಕ್ಕ: ಮೇಸ್ತ್ರಿ, ನಮಗೂ ಇಂಥದ್ದೇ ಹಾಕ್ಕೊಡ್ರಿ. ನಾಲ್ಕೂ ಗೋಡೆಗೆ.

ನೂರ್ ಅಹಮ್ಮದ್: ಬ್ಯಾಡಮ್ಮ! ಚಳ್ಳಕೆರೆ ತನಕ ನನ್ನ ಹೆಸರು ಹಾಳಾಗ್ತೈತೆ! ಗೀತಕ್ಕ, ನೀವಾದ್ರೂ ನಿಜ ಹೇಳ್ರಿ.

ಗೀತಮ್ಮ: ನಿಜಾನೇ ಹೇಳ್ತೀನಿ ಮೇಸ್ತ್ರಿ. ನಮ್ದು ಏನೂ ಒಡೀಬ್ಯಾಡ್ರಿ, ಹಂಗೇ ಇರ್ಲಿ. ನಲ್ಲಿ ಒಂದು ಕೂರಿಸ್ಬಿಟ್ಟು ಈಗ್ಲೇ ಹೋಗಿ ಅಕ್ಕನ ಬಚ್ಚಲು ಒಡೀರಿ.

ಹುಚ್ಚಕ್ಕ: ಈಗ್ಲೇನಾ? ಎಷ್ಟು ದಿನ ಹಿಡೀತೈತೆ?

ನೂರ್ ಅಹಮ್ಮದ್: ನಾಲ್ಕು ಗೋಡೆ ಅಂದ್ರೆ... ಹದಿನೈದು ದಿನ.

ಗೀತಮ್ಮ: ಅವಸರ ಯಾಕೆ ಮೇಸ್ತ್ರಿ? ತಿಂಗಳು ತಗಳ್ರಿ. ಅಕ್ಕ ನೀರು ಹಾಕ್ಕಳಾಕೆ ನಮ್ಮನೆ ಐತಲ್ಲ, ನಾನು ಹೊರಗೆ ನಿಂತ್ಕಂಡು ಮಾತಾಡಿಸ್ತಿರ್ತೀನಿ.