ಮೂರನೇ ಪಿಲ್ಲರ್ ಪಕ್ಕ ಬಾಮೈದನ ಟೀ ಅಂಗಡಿ

೧೯೯೬ರಲ್ಲಿ, ಎಂಟನೇ ತರಗತಿಯ ನಡುವೆಯೇ, ನಾನು ಓದು ನಿಲ್ಲಿಸಿದೆ. ಓದೇ ನನ್ನನ್ನು ನಿಲ್ಲಿಸಿತು ಎನ್ನುವವರೂ ಇದ್ದಾರೆ. ಅವರಲ್ಲಿ ಮುಖ್ಯಳು ನನ್ನ ಹೆಂಡತಿ ರತ್ನ. ಇರಲಿ. ಪುಸ್ತಕ ಬಿಟ್ಟ ಕೈ ಕಂಬಿ ಹಿಡಿಯಿತು. ಇವತ್ತು ದೊಡ್ಡಬಳ್ಳಾಪುರದಿಂದ ನೆಲಮಂಗಲದ ಕಡೆಗೆ ನೀವು ಯಾವ ಸೇತುವೆಯ ಮೇಲೆ ಗಾಡಿ ಓಡಿಸಿದರೂ, ಅದರ ಹೊಟ್ಟೆಯೊಳಗೆ ಈ ಆಂಜಿನಪ್ಪ ಕಟ್ಟಿಸಿದ ಕಂಬಿ ಇದ್ದರೂ ಇದ್ದೀತು. ಕಾಣುವುದಿಲ್ಲ, ಅಷ್ಟೆ. ಕಾಂಕ್ರೀಟಿನೊಳಗೆ ಮುಚ್ಚಿಹೋಗುವ ಕೆಲಸ ಮಾಡುವವನು ತನ್ನ ಹೆಮ್ಮೆಯನ್ನು ತಾನೇ ಬಾಯಿಬಿಟ್ಟು ಹೇಳಿಕೊಳ್ಳಬೇಕು!

ದೊಡ್ಡಬೆಳವಂಗಲದ ಹತ್ತಿರ ಹೊಸ ಮೇಲ್ಸೇತುವೆಯ ಕಂಬಿ ಕೆಲಸ ನಮ್ಮದಾಗಿತ್ತು. ಅಲ್ಲಿನ ಎಂಜಿನಿಯರ್ ಸ್ಮಿತಾ ಮೇಡಂ ಒಂದು ಶನಿವಾರ ನನ್ನನ್ನು ಕರೆದು, ಕೈಗೆ ಒಂದು ಟ್ಯಾಬ್ ಇಟ್ಟರು.

"ಮೇಸ್ತ್ರಿ, ಇನ್ಮೇಲೆ ಕಾಗದದ ಡ್ರಾಯಿಂಗ್ ಇಲ್ಲ. ಸೇತುವೆ ಪೂರ್ತಿ ಇದ್ರೊಳಗೇ ಇದೆ. ಮಾಡೆಲ್ ಅಂತಾರೆ. ಭಾನುವಾರ ಮನೇಲಿ ಕೂತು ಅಭ್ಯಾಸ ಮಾಡಿ. ಸೋಮವಾರ ದೊಡ್ಡ ಸಾಹೇಬ್ರು ಬೆಂಗಳೂರಿಂದ ಸ್ಕ್ರೀನಲ್ಲಿ ಬರ್ತಾರೆ. ಇದನ್ನ ಕಲಿತವರಿಗೇ ಮುಂದಿನ ಸೇತುವೆ ಕಂಬಿ ಕೆಲಸ."

ಮುಂದಿನ ಸೇತುವೆ! ಆ ಕೆಲಸದ ಮೇಲೆ ನಾನು ಕಣ್ಣಿಟ್ಟು ವರ್ಷವಾಗಿತ್ತು.

"ಇನ್ನೊಂದು ವಿಷಯ. ಸೈಟಲ್ಲಿ ಏನಾದ್ರೂ ಅಡ್ಡ ಇದ್ರೆ ಈ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಡಿಸೈನ್ ಆಫೀಸ್‌ನೋರಿಗೆ ತಕ್ಷಣ ಕಾಣುತ್ತೆ. ಗೊತ್ತಾಯ್ತಾ?"

"ಗೊತ್ತಾಗ್ದೆ ಏನು ಮೇಡಂ!" ಎಂದೆ. ಕೆಂಪು ಪೆನ್ನು ಎನ್ನುವವರೆಗೆ ಕೇಳಿಸಿಕೊಂಡಿದ್ದೆ. ಅಷ್ಟರಲ್ಲಿ ಮನಸ್ಸು ಮುಂದಿನ ಸೇತುವೆಯ ಮೇಲೆ ನಡೆದುಹೋಗಿತ್ತು.

ಭಾನುವಾರ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತೆ. ರತ್ನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಎಲ್ರೀ ನಿಮ್ಮ ಸೇತುವೆ? ಅಲ್ಲಿ ಗುಂಡಿ ಬಿಟ್ರೆ ಏನೂ ಕಾಣ್ಲಿಲ್ಲ ನಂಗೆ."

"ಇಲ್ನೋಡು" ಎಂದು ಬೆರಳಿನಿಂದ ತಿರುಗಿಸಿದೆ. ಸೇತುವೆ ಗಿರಗಿರನೆ ತಿರುಗಿತು. ಪಿಲ್ಲರ್ ಮೇಲೆ ತಟ್ಟಿದೆ. ಕಾಂಕ್ರೀಟ್ ಗಾಜಿನಂತೆ ತಿಳಿಯಾಗಿ, ಒಳಗಿನ ಕಂಬಿಗಳೆಲ್ಲ ಸಾಲಾಗಿ ಕಂಡವು.

"ಅಯ್ಯೋ! ಇಷ್ಟೊಂದು ಕಂಬಿನಾ? ಇದೆಲ್ಲ ನೀವೇ ಕಟ್ಸೋದಾ?"

ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ನನ್ನ ಕೆಲಸವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಆ ಗಳಿಗೆಯಲ್ಲಿ ಅವಳು ಏನು ಕೇಳಿದ್ದರೂ ಕೊಡುತ್ತಿದ್ದೆ. ಕೇಳಿಯೇಬಿಟ್ಟಳು!

"ಸೇತುವೆ ಬಂದ್ರೆ ನಮ್ಮ ನಾಗೇಶನ ಅಂಗಡಿ ಎಲ್ಲಿಗೆ ಹೋಗುತ್ತೆ?"

ನಾಗೇಶ ಅವಳ ತಮ್ಮ. ಹಳೆಯ ರಸ್ತೆಯ ಪಕ್ಕ ಟೀ ಮಾರುತ್ತಾನೆ.

"ಹೋಗೋದೆಲ್ಲಿಗೆ? ಸೇತುವೆ ಕೆಳಗೇ ಬರ್ತಾನೆ. ಬಿಸಿಲಿಲ್ಲ, ಮಳೆ ಇಲ್ಲ" ಎಂದವನೇ ಕೆಂಪು ಪೆನ್ನಿನಿಂದ ಮೂರನೇ ಪಿಲ್ಲರ್ ಪಕ್ಕ ಒಂದು ಚೌಕ ಎಳೆದೆ. 'ಟೀ ಅಂಗಡಿ' ಎಂದೂ ಬರೆದೆ.

"ಬೆಂಚಿಗೆ ಜಾಗ?"

ಬೆಂಚನ್ನೂ ಎಳೆದೆ. ಅಷ್ಟರಲ್ಲಿ ಪಕ್ಕದ ಮನೆಯ ಹನುಮಂತಣ್ಣ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು.

"ಏನಪ್ಪಾ ಆಂಜಿನಪ್ಪ, ಸೇತುವೆ ಕೆಳಗೆ ಜಾಗ ಹಂಚ್ತಿದೀಯಂತೆ! ನಮ್ಮ ಎಮ್ಮೆಗಳಿಗೂ ಒಂಚೂರು ನೆರಳು ಮಾಡ್ಕೊಡಪ್ಪ."

ಮಾಡಿಕೊಟ್ಟೆ. ಕೊಟ್ಟಿಗೆ ಮಂಜೂರಾಯಿತು.

"ಹಂಗೇ ನಾಕು ಜನ ಕೂತ್ಕೊಳಕ್ಕೆ ಒಂದು ಕಟ್ಟೆ?"

ಮಂಜೂರು.

"ಅರಳಿ ಮರ ಇಲ್ದಿದ್ರೆ ಅದೆಂಥ ಕಟ್ಟೆಯಪ್ಪಾ?"

ಕೊಡುವಾಗ ಕೈ ಬಿಗಿ ಹಿಡಿಯುವ ಜಾಯಮಾನ ನನ್ನದಲ್ಲ. ಮರವನ್ನು ಧಾರಾಳವಾಗಿ ಬರೆದೆ. ಅದು ಸೇತುವೆಯನ್ನು ತೂರಿಕೊಂಡು ಮೇಲೆ ಹೋಯಿತು. ಸೊಂಪಾಗಿತ್ತು!

ಕೊನೆಗೆ ಎಲ್ಲಕ್ಕೂ ಹೆಸರು ಬರೆದು ಮುಚ್ಚಲು ಹೋದಾಗ ಟ್ಯಾಬ್ ಇಂಗ್ಲಿಷಿನಲ್ಲಿ ಏನನ್ನೋ ಕೇಳಿತು. ಇಂಗ್ಲಿಷಿನಲ್ಲಿ ಯಾರೇ ಏನೇ ಕೇಳಿದರೂ 'ಯಸ್' ಎನ್ನುವುದು ನನ್ನ ಪದ್ಧತಿ. ಯಸ್ ಒತ್ತಿದೆ. ಮನೆಯಲ್ಲಿ ಬರೆದದ್ದು ಮನೆಯಲ್ಲೇ ಇರುತ್ತದೆ ಎಂದುಕೊಂಡು ಮುದ್ದೆ ಉಂಡು ಮಲಗಿದೆ.

ಸೋಮವಾರ ಇಸ್ತ್ರಿ ಮಾಡಿದ ಶರಟು ತೊಟ್ಟು ಸೈಟಿಗೆ ಹೋದೆ. ಅವತ್ತು ಮೂರನೇ ಪಿಲ್ಲರಿನ ತಳಕ್ಕೆ ಕಾಂಕ್ರೀಟ್ ಹಾಕುವ ದಿನ. ಆದರೆ ಕಾಂಕ್ರೀಟ್ ಲಾರಿಗಳು ಸಾಲಾಗಿ ನಿಂತು ಹೊಟ್ಟೆ ತಿರುಗಿಸುತ್ತಿದ್ದವು. ಒಂದೂ ಸುರಿಯುತ್ತಿರಲಿಲ್ಲ. ಯಾರು ಏನು ತಪ್ಪು ಮಾಡಿದರೋ ಪಾಪ, ಎಂದುಕೊಂಡೆ.

ಸೈಟ್ ಆಫೀಸಿನ ಗೋಡೆಯ ಸ್ಕ್ರೀನಿನಲ್ಲಿ ದೊಡ್ಡ ಸಾಹೇಬರು ಕೂತಿದ್ದರು.

"ಆಂಜಿನಪ್ಪ ಯಾರು?"

"ನಾನೇ ಸರ್!" ಎಂದು ಎದೆ ಮುಂದೆ ಮಾಡಿ ನಿಂತೆ.

"ಇಷ್ಟೆಲ್ಲ ಅಡ್ಡಗಳನ್ನ ಸರ್ವೆಯವರು ಒಬ್ಬರೂ ತೋರಿಸಿರಲಿಲ್ಲ. ನೀವು ಒಂದೇ ದಿನದಲ್ಲಿ ಗುರುತು ಹಾಕಿದ್ದೀರಿ. ವೆರಿ ಗುಡ್!"

"ಥ್ಯಾಂಕ್ಯೂ ಸರ್!" ಎಂದೆ. ಯಾವ ಅಡ್ಡ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ. ಹೊಗಳಿಕೆಗೆ ಯಾರಾದರೂ ಅಡ್ಡಪ್ರಶ್ನೆ ಕೇಳುತ್ತಾರೆಯೇ?

ಆಗ ಸಾಹೇಬರು ಸೇತುವೆಯನ್ನು ಸ್ಕ್ರೀನಿನ ಮೇಲೆ ತಂದರು. ಗೋಡೆಯಗಲದ ಸೇತುವೆ. ಅದರ ಕೆಳಗೆ ನನ್ನ ಕೈಬರಹದಲ್ಲಿ ಟೀ ಅಂಗಡಿ, ಬೆಂಚು, ಕೊಟ್ಟಿಗೆ, ಕಟ್ಟೆ, ಮರ. ಪ್ರತಿಯೊಂದರ ಪಕ್ಕದಲ್ಲೂ ನನ್ನ ಹೆಸರು!

"ಡಿಸೈನ್ ಟೀಮ್ ಬೆಳಗ್ಗೆಯಿಂದ ಇದರ ಮೇಲೇ ಕೂತಿದೆ. ಕಾಂಕ್ರೀಟ್ ನಿಲ್ಲಿಸಿದ್ದೀವಿ. ಮೊದಲು ಈ ಅರಳಿ ಮರ. ಸ್ಲ್ಯಾಬಿಗೆ ನೇರವಾಗಿ ಡಿಕ್ಕಿ ಹೊಡೀತಿದೆ ಅಂತ ಕಂಪ್ಯೂಟರ್ ಹೇಳ್ತಿದೆ. ಪೂಜೆ ಗೀಜೆ ನಡೆಯೋ ಮರವಾ? ಕಡಿಯೋಕೆ ಊರವರು ಬಿಡ್ತಾರಾ? ಎಷ್ಟು ವರ್ಷದ್ದು?"

"ಇನ್ನೂ ಹುಟ್ಟಿಲ್ಲ ಸರ್."

"ಏನು?"

ಸ್ಮಿತಾ ಮೇಡಂ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಆ ಕೊಟ್ಟಿಗೆ?" ಸಾಹೇಬರು ಕೇಳಿದರು.

"ಎಮ್ಮೆ ಇದಾವೆ ಸರ್. ಕೊಟ್ಟಿಗೆ ಇಲ್ಲ."

"ಟೀ ಅಂಗಡಿ?"

"ಬಾಮೈದಂದು ಸರ್... ಮುಂದೆ ಬರಬಹುದು ಅಂತ..."

ಹೊರಗೆ ಲಾರಿಗಳ ಹೊಟ್ಟೆ ಗುಡುಗುಡು ಎನ್ನುತ್ತಿತ್ತು. ಮುಂದಿನ ಸೇತುವೆ ಕಣ್ಣೆದುರಿಗೇ ಬೇರೊಬ್ಬ ಮೇಸ್ತ್ರಿಯ ಕಡೆ ನಡೆದು ಹೋಗುತ್ತಿತ್ತು.

"ಅಳಿಸ್ಬಿಡ್ತೀನಿ ಸರ್! ಒಂದೇ ನಿಮಿಷ!"

"ಮೇಸ್ತ್ರಿ, ಬೇಡ! ಮುಟ್ಬೇಡಿ!" ಮೇಡಂ ಕೂಗಿದರು. ಅಷ್ಟರಲ್ಲಿ ನಾನು ಟ್ಯಾಬ್ ಎತ್ತಿಕೊಂಡು, ಸ್ಲೇಟು ಒರೆಸುವಂತೆ ಅಂಗೈಯಿಂದ ಬರಬರನೆ ಉಜ್ಜಿಬಿಟ್ಟಿದ್ದೆ.

ಸೇತುವೆ ಮಾಯವಾಯಿತು. ಟೀ ಅಂಗಡಿ ಉಳಿಯಿತು!

ಅಂಗಡಿ ಮಾತ್ರವಲ್ಲ, ಕೊಟ್ಟಿಗೆ, ಬೆಂಚು, ಕಟ್ಟೆ ಎಲ್ಲವೂ ಬಯಲಿನಲ್ಲಿ ನೆಮ್ಮದಿಯಾಗಿ ನಿಂತಿದ್ದವು. ಅರಳಿ ಮರಕ್ಕೆ ಈಗ ಯಾವ ಡಿಕ್ಕಿಯೂ ಇರಲಿಲ್ಲ.

"ಸೇತುವೆ ಎಲ್ರೀ?" ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

ಮೇಡಂ ಟ್ಯಾಬ್ ಕಿತ್ತುಕೊಂಡು ಎರಡು ಸಲ ತಟ್ಟಿದರು. ಸೇತುವೆ ಮರಳಿ ಬಂತು. "ಅಳಿಸಿಲ್ಲ ಸರ್. ಮರೆಯಾಗಿತ್ತು ಅಷ್ಟೆ" ಎಂದು ನನ್ನ ಕೆಂಪು ಗುರುತುಗಳನ್ನು ಒಂದೊಂದಾಗಿ ತೆಗೆದುಹಾಕಿದರು. ಕಾಂಕ್ರೀಟ್ ಹಾಕಲು ಅಪ್ಪಣೆ ಸಿಕ್ಕಿತು. ಹೊರಗೆ ಲಾರಿ ಸುರಿಯುವ ಸದ್ದು ಕೇಳಿ ನನಗೆ ಉಸಿರು ಬಂತು. ಅರ್ಧ ಉಸಿರು.

ಏಕೆಂದರೆ ಸಾಹೇಬರು ಮೇಡಂ ಅವರನ್ನು ಕೇಳುತ್ತಿದ್ದರು: "ಈ ಮನುಷ್ಯ ಕಂಬಿ ಕೆಲಸ ಹೇಗೆ ಮಾಡ್ತಾನೆ?"

"ಕಂಬೀಲಿ ಒಂದು ತಪ್ಪೂ ಇಲ್ಲ ಸರ್" ಎಂದರು ಮೇಡಂ. ನಾನು ತಲೆ ಎತ್ತಿದೆ. "ಮಾಡೆಲ್‌ನಲ್ಲಿ ಹೇಗಿದೆಯೋ ಹಾಗೇ ಕಟ್ಟಿಸಿದಾರೆ. ತಪ್ಪೆಲ್ಲ ಅವರ ಬೆರಳಲ್ಲಿದೆ." ತಲೆ ಇಳಿಸಿದೆ.

ಸಾಹೇಬರು ನಗಲು ಶುರುಮಾಡಿದರು. ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ಕೆಲಸ ಕೊಡಿ. ಬೆರಳಿಗೆ ಬೀಗ ಹಾಕಿ."

ಸಂಜೆ ಮನೆಗೆ ಬಂದಾಗ ರತ್ನ ಬಾಗಿಲಲ್ಲೇ ನಿಂತಿದ್ದಳು.

"ರೀ, ನಾಗೇಶನ ಅಂಗಡಿಗೆ ಒಪ್ಪಿದ್ರಾ?"

"ಸ್ವಲ್ಪ ಹೊತ್ತು ಅದೊಂದೇ ಇತ್ತು ಕಣೇ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ವಿವರಿಸುವ ಧೈರ್ಯ ನನಗಿರಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು: ಕಂಬಿ ಕಟ್ಟುವ ಆಳುಗಳು ಮೂವತ್ತು. ಕಂಬಿ ಬಗ್ಗಿಸುವ ಯಂತ್ರ ಎರಡು. ಕೈಯಲ್ಲಿರುವ ಸೇತುವೆ ಕೆಲಸ ಎರಡು. ಮೇಡಂ ಬೀಗ ಹಾಕಿ ಕೊಟ್ಟ ಟ್ಯಾಬ್ ಒಂದು. ಅದರಲ್ಲಿ ನಾನು ಒತ್ತಿದರೆ ಮಾತು ಕೇಳುವ ಗುಂಡಿ, ಒಂದೂ ಇಲ್ಲ.