ಸದರಿ ಅರ್ಜಿದಾರರು ನನ್ನ ಹೆಂಡತಿ

ಹೆಂಡತಿ ತವರಿಗೆ ಹೋಗಿ ಬಂದರೆ ಗಂಡನಿಗೆ ಅಂಥ ತೊಂದರೆಯೇನಿಲ್ಲ. ಹೆಚ್ಚೆಂದರೆ ಅಡುಗೆಮನೆಯ ಡಬ್ಬಗಳು ಅದಲುಬದಲಾದದ್ದಕ್ಕೆ ಒಂದು ವಿಚಾರಣೆ ನಡೆಯುತ್ತದೆ, ಅಷ್ಟೆ. ಆದರೆ ಹೆಂಡತಿ ಪರದೇಶಕ್ಕೆ ಹೋಗಿ, ಅಲ್ಲೊಂದು ಸೆಮಿಸ್ಟರ್ ಓದಿ, ಇಪ್ಪತ್ತು ಕ್ರೆಡಿಟ್ ಗಳಿಸಿಕೊಂಡು ಬಂದು, ಅವನ್ನು ಇಲ್ಲಿನ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಸೇರಿಸಿಕೊಡಿ ಎಂದು ಅರ್ಜಿ ಹಾಕಿದರೆ, ಆ ಅರ್ಜಿ ಬಂದು ಬೀಳುವ ಮೇಜು ಗಂಡನದೇ ಆಗಿದ್ದರೆ, ಅವನ ಪಾಡು ನನ್ನ ವೈರಿಗೂ ಬೇಡ.

ನಾನು ವಿಶ್ವವಿದ್ಯಾಲಯದ ಸಮಾನತಾ ಶಾಖೆಯ ಮುಖ್ಯಸ್ಥ. (ಹೆಸರು ಕೇಳಿ ಮೋಸ ಹೋಗಬೇಡಿ. ಅಲ್ಲಿ ನಾನು ಕೂತಿರುತ್ತೇನೆ, ಉಳಿದವರು ನಿಂತಿರುತ್ತಾರೆ.) ಬೇರೆ ಕಡೆ ಓದಿ ಬಂದವರ ಪಾಠ ನಮ್ಮ ಪಾಠಕ್ಕೆ ಸಮ ಹೌದೋ ಅಲ್ಲವೋ ಎಂದು ನೋಡುವುದು ನನ್ನ ಕೆಲಸ. ಹೌದು ಎನ್ನುವುದಕ್ಕೆ ಯಾರು ಬೇಕಾದರೂ ಸಾಕು. ಅಲ್ಲ ಎನ್ನುವುದಕ್ಕೆ ಅನುಭವ ಬೇಕು. ನನಗೆ ಇಪ್ಪತ್ತೆರಡು ವರ್ಷಗಳ ಅನುಭವವಿದೆ. ಹನ್ನೊಂದು ವರ್ಷಗಳ ಹಿಂದೆ 'ಪುಟಕ್ಕೊಂದು ಮೊಹರು' ಎಂಬ ನಿಯಮ ತಂದವನು ನಾನೇ. ಅರ್ಜಿಗೆ ಲಗತ್ತಿಸಿದ ಪ್ರತಿಯೊಂದು ಪುಟದ ಮೇಲೂ, ಅದರಲ್ಲಿರುವುದು ನಿಜವೆಂದು ಸ್ವತಃ ಬಲ್ಲ ಒಬ್ಬ ಅಧಿಕಾರಿಯ ಸಹಿ ಮತ್ತು ಮೊಹರು ಇರತಕ್ಕದ್ದು. ಆ ನಿಯಮ ಬಂದ ಮೇಲೆ ಅರ್ಜಿಗಳ ಸಂಖ್ಯೆ ಅರ್ಧಕ್ಕಿಳಿಯಿತು. ಕುಲಸಚಿವರು ನನ್ನ ಬೆನ್ನು ತಟ್ಟಿದರು.

ಇನ್ನು ನನ್ನ ಹೆಂಡತಿಯ ವಿಚಾರ. ಮಗಳು ಹುಟ್ಟಿದಾಗ ಅರ್ಧಕ್ಕೆ ಬಿಟ್ಟ ಪದವಿಯನ್ನು, ಆ ಮಗಳು ಕಾಲೇಜು ಸೇರಿದ ವರ್ಷವೇ ಮತ್ತೆ ಹಿಡಿದಳು. ಕುಟುಂಬ ಶಾಸ್ತ್ರ ಅವಳ ವಿಷಯ. ಪರದೇಶದ ವಿನಿಮಯ ಯೋಜನೆಗೆ ಎಂಟು ಜನರನ್ನು ಆರಿಸಿದಾಗ ಇವಳೇ ಮೊದಲಿಗಳು. ಆ ದಿನ ನಾನು ಕಚೇರಿಯಲ್ಲಿ ಎಲ್ಲರಿಗೂ ಕಾಫಿ ಕೊಡಿಸಿ, ಮನೆಗೆ ಬಂದು, "ಹೋಗೋದಿದ್ರೆ ಹೋಗು, ನನ್ನದೇನೂ ಅಭ್ಯಂತರ ಇಲ್ಲ" ಎಂದೆ. ಹೆಮ್ಮೆಯನ್ನು ಮನೆಯಲ್ಲಿ ತೋರಿಸುವ ಅಭ್ಯಾಸ ನನಗಿಲ್ಲ.

ಐದು ತಿಂಗಳು ಓದಿ ಬಂದಳು. ಆ ಇಪ್ಪತ್ತು ಕ್ರೆಡಿಟ್ ಸೇರಿದರೆ ಪದವಿ ಪೂರ್ತಿ. ಒಂದು ಕುಟುಂಬ ಸಲಹಾ ಕೇಂದ್ರದವರು ಅವಳಿಗೆ ಕೆಲಸವನ್ನೂ ಕೊಟ್ಟಿದ್ದರು, ಆದರೆ ಆರು ವಾರದೊಳಗೆ ಪದವಿ ಪತ್ರ ತೋರಿಸಬೇಕು. ಇಲ್ಲದಿದ್ದರೆ ಕೆಲಸ ಮುಂದಿನವರ ಪಾಲು. ಬಂದ ಮರುದಿನ ಬೆಳಿಗ್ಗೆ ಕಾಫಿಯ ಜೊತೆಗೇ ಕಡತವನ್ನೂ ತಂದಿಟ್ಟಳು.

"ರೀ, ಇದನ್ನ ಹಾಗೇ ಆಫೀಸಿಗೆ ತಗೊಂಡು ಹೋಗ್ಬಿಡಿ."

"ಮನೇಲಿ ಅರ್ಜಿ ತಗೊಳ್ಳೋ ಹಾಗಿಲ್ಲ. ಕೌಂಟರಿಗೆ ಬಂದು ಕೊಡಬೇಕು."

"ನಾನೂ ನೀವೂ ಒಂದೇ ಬಾಗಿಲಿಂದ ಹೊರಡ್ತೀವಲ್ರೀ!"

"ಬಾಗಿಲು ಒಂದೇ ಇರಬಹುದು, ಹೋದ್ಮೇಲೆ ಸಾಲು ಬೇರೆ," ಎಂದೆ. ಈ ಮಾತು ನನಗೇ ತುಂಬ ಹಿಡಿಸಿತು. ಅವಳಿಗೆ ಹಿಡಿಸಲಿಲ್ಲ.

ನನ್ನ ಮನಸ್ಸಿನಲ್ಲಿದ್ದದ್ದು ಹೆದರಿಕೆ. ಹೆಂಡತಿಯ ಕಡತ ಎಂದು ಕಣ್ಣುಮುಚ್ಚಿ ದಾಟಿಸಿದ ಎಂದು ನಾಳೆ ಯಾರಾದರೂ ಆಡಿಕೊಂಡರೆ ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲು. ಆದ್ದರಿಂದ ಅವಳು ಸಾಲಿನಲ್ಲಿ ಏಳನೆಯವಳಾಗಿ ಬಂದು ಕೌಂಟರಿನ ಮುಂದೆ ನಿಂತಾಗ ನಾನು ಕನ್ನಡಕ ಏರಿಸಿ, ಎಂದೂ ಕಂಡವನೇ ಅಲ್ಲ ಎಂಬ ಮುಖ ಮಾಡಿ, ಮೂರು ಆಕ್ಷೇಪಣೆ ಬರೆದೆ. ಒಂದು, ಇನ್ನೂರ ಹನ್ನೆರಡು ಪುಟಗಳಲ್ಲಿ ಒಂದಕ್ಕೂ ಮೊಹರಿಲ್ಲ. ಎರಡು, ಕ್ಷೇತ್ರಕಾರ್ಯಕ್ಕಾಗಿ ಅಧ್ಯಯನ ಮಾಡಿದ ಕುಟುಂಬ ಪರದೇಶದ್ದು, ನಮ್ಮ ಪಠ್ಯಕ್ರಮ ಕೇಳುವುದು ಸ್ಥಳೀಯ ಕುಟುಂಬ. ಮೂರು, ಭಾವಚಿತ್ರದಲ್ಲಿ ಸದರಿ ಅರ್ಜಿದಾರರು ನಗುತ್ತಿದ್ದಾರೆ.

"ಸರಿ ಸರ್," ಎಂದಳು. ಕೌಂಟರಿನ ಆಚೆ ನಿಂತಾಗ ನಗುತ್ತಿರಲಿಲ್ಲ. ಭಾವಚಿತ್ರಕ್ಕೆ ಅದೇ ಸರಿಯಾದ ಮುಖವಾಗಿತ್ತು, ಆದರೆ ಹಾಗೆಂದು ಹೇಳುವ ಧೈರ್ಯ ಬರಲಿಲ್ಲ.

ಸಂಜೆ ಮನೆಗೆ ಬಂದರೆ, "ಸರ್ ಬಂದ್ರು, ತಿಂಡಿ ಕೊಡು" ಎಂದು ಮಗಳಿಗೆ ಹೇಳಿದಳು. "ಸರ್, ನೀರು ಕಾದಿದೆ." "ಸರ್, ನಿಮ್ಮ ಫೋನು ಬಡಕೊಳ್ತಿದೆ." ಮಗಳು ತಟ್ಟೆ ಇಡುವ ನೆಪದಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಅಪ್ಪಾ, ಬೈದಿದ್ರೆ ಯೋಚನೆ ಮಾಡಬೇಕಾಗಿರ್ಲಿಲ್ಲ. ಸರ್ ಅಂತಿದ್ದಾಳೆ ಅಂದ್ರೆ ಪರಿಸ್ಥಿತಿ ಕೈ ಮೀರಿದೆ" ಎಂದಳು.

ಪರದೇಶದ ಪ್ರೊಫೆಸರರಿಗೆ ಹೆಂಡತಿಯ ಪತ್ರ ಹೋಯಿತು. ಅವರ ವಿಶ್ವವಿದ್ಯಾಲಯದಲ್ಲಿ ಇರುವುದು ಒಂದೇ ಮೊಹರಂತೆ, ಅದಕ್ಕೆ ಮುನ್ನೂರು ವರ್ಷವಾದದ್ದರಿಂದ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರಂತೆ. ಪಾಪ, ಆ ಪುಣ್ಯಾತ್ಮರು ಪೆಟ್ಟಿಗೆಯ ಬೀಗ ತೆಗೆಸಿ, ಇನ್ನೂರ ಹನ್ನೆರಡು ಪುಟಗಳಿಗೂ ಒತ್ತಿ, ಸಹಿ ಮಾಡಿ ಕಳಿಸಿದರು. ಜೊತೆಗೊಂದು ಚೀಟಿ: 'ನನ್ನ ಕೈ ಊದಿಕೊಂಡಿದೆ. ನಿಮ್ಮ ಆ ಅಧಿಕಾರಿಗಳ ಆರೋಗ್ಯ ಹೇಗಿದೆ?' ಹೆಂಡತಿ ಅದನ್ನು ಊಟದ ಹೊತ್ತಿನಲ್ಲಿ ಎರಡು ಸಲ ಓದಿ ಹೇಳಿದಳು.

ಇಷ್ಟಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಕುಲಸಚಿವರ ಅಧ್ಯಕ್ಷತೆಯಲ್ಲಿ ಸಮಿತಿ ಕೂತು, ಅರ್ಜಿದಾರರನ್ನೂ ಕರೆಸಿತು. ಹದಿನೆಂಟು ಕ್ರೆಡಿಟ್ ಒಪ್ಪಿದರು. ಉಳಿದ ಎರಡರ ಬಗ್ಗೆ ನನ್ನ ಎರಡನೆಯ ಆಕ್ಷೇಪಣೆ ಬಂಡೆಯ ಹಾಗೆ ನಿಂತಿತು.

"ಹಾಗಾದ್ರೆ ಇಲ್ಲೇ ಒಂದು ಕುಟುಂಬ ನೋಡಿ ಬರ್ಕೊಡ್ತೀನಿ ಸರ್. ಎರಡು ವಾರ ಸಾಕು," ಎಂದಳು ಹೆಂಡತಿ.

"ಯಾವ ಕುಟುಂಬ?" ಎಂದು ಕುಲಸಚಿವರು ಕೇಳಿದರು.

"ಹತ್ತಿರದ್ದೇ ಇದೆ ಸರ್. ಓಡಾಟದ ಖರ್ಚಿಲ್ಲ."

ಸಮಿತಿ ಒಪ್ಪಿತು. ಪಕ್ಕದ ಮನೆಯವರಿರಬೇಕು ಎಂದುಕೊಂಡು, ಆ ಮನೆಯ ಯಜಮಾನನ ಬಗ್ಗೆ ಮರುಕಪಟ್ಟೆ.

ಮರುದಿನದಿಂದ ಮನೆಯ ಹವಾಮಾನವೇ ಬದಲಾಯಿತು. ಮತ್ತೆ ನಾನು 'ರೀ' ಆದೆ. ಕೇಳದೆಯೇ ಕಾಫಿ ಬರತೊಡಗಿತು. "ಇವತ್ತು ಆಫೀಸಲ್ಲಿ ಏನಾಯ್ತು ಹೇಳ್ರೀ" ಎಂದು ಎದುರಿಗೆ ಕೂರುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಅಷ್ಟು ಗಮನವಿಟ್ಟು ಯಾರೂ ಕೇಳಿರಲಿಲ್ಲ. ನಾನೂ ಅಣೆಕಟ್ಟು ಒಡೆದ ಹಾಗೆ ಮಾತಾಡಿದೆ. ಟವೆಲ್ ಜಾಗ ಬದಲಾದದ್ದಕ್ಕೆ ಕೂಗಾಡಿದೆ. ಮಗಳಿಗೆ ಶಿಸ್ತಿನ ಬಗ್ಗೆ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟು ನಡುವೆ ನಾನೇ ತೂಕಡಿಸಿದೆ. ಅವಳ ಮಡಿಲಲ್ಲಿ ಒಂದು ನೋಟುಬುಕ್ಕು ಇರುತ್ತಿತ್ತು. ದಿನಸಿಯ ಪಟ್ಟಿ ಎಂದುಕೊಂಡಿದ್ದೆ. (ನಗಬೇಡಿ. ನೀವಾದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.)

ಹದಿನೈದನೆಯ ದಿನ ಕೌಂಟರಿನಲ್ಲಿ ನನ್ನ ಮುಂದೆ ವರದಿ ಬಂದು ಬಿತ್ತು. ಎಂಬತ್ತನಾಲ್ಕು ಪುಟ. ಶೀರ್ಷಿಕೆ: 'ಒಬ್ಬ ಶಾಖಾ ಮುಖ್ಯಸ್ಥರ ಗೃಹವರ್ತನೆ: ಹದಿನಾಲ್ಕು ದಿನಗಳ ನೇರ ಅವಲೋಕನ.'

"ಏನಿದು?" ಎಂದೆ. ಧ್ವನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

"ಸ್ಥಳೀಯ ಕುಟುಂಬ ಸರ್. ನಿಯಮದ ಪ್ರಕಾರ ಪುಟಕ್ಕೊಂದು ಮೊಹರು ಬೇಕು. ಇದ್ರಲ್ಲಿರೋದು ನಿಜ ಅಂತ ಸ್ವತಃ ಬಲ್ಲ ಅಧಿಕಾರಿ ಹಾಕ್ಬೇಕು. ಯಾರಿದ್ದಾರೆ ಅಂತ ತುಂಬ ಹುಡುಕ್ದೆ. ನೀವೊಬ್ರೇ ಸಿಕ್ಕಿದ್ದು."

ಸಾಲಿನಲ್ಲಿ ಹದಿನೈದು ಜನ ಕಾಯುತ್ತಿದ್ದರು. ನನ್ನ ಹಿಂದೆ ಟೈಪಿಸ್ಟು ಯಂತ್ರ ನಿಲ್ಲಿಸಿ ಕಿವಿ ನಿಮಿರಿಸಿದ್ದಳು. ಇದು ಸುಳ್ಳು ಎಂದು ಬರೆದರೆ ಹೆಂಡತಿಯ ಕೆಲಸ ಹೋಗುತ್ತದೆ. ಉಳಿದಿರುವುದು ನಾಲ್ಕೇ ದಿನ. ನಿಜ ಎಂದು ಬರೆದರೆ ನನ್ನ ಮರ್ಯಾದೆ ಹೋಗುತ್ತದೆ. ಅವಳ ಮುಖ ನೋಡಿದೆ. ಕೌಂಟರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಬೆರಳಿನ ತುದಿ ಬೆಳ್ಳಗಾಗಿತ್ತು. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದವಳಿಗೂ ಭಯವಿತ್ತು. ಮೊಹರು ಎತ್ತಿಕೊಂಡೆ.

ಪುಟ ಹನ್ನೆರಡು: 'ಸದರಿಯವರು ಕಣ್ಣೆದುರಿಗಿರುವ ವಸ್ತುವನ್ನು ಕಾಣರು. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಇಪ್ಪತ್ತು ನಿಮಿಷ ಹುಡುಕಿದರು.' ಟಪ್. ಪುಟ ಇಪ್ಪತ್ತೊಂಬತ್ತು: 'ಜಿರಳೆ ಕಂಡಾಗ ಮಗಳನ್ನು ಮುಂದೆ ಬಿಟ್ಟು, ತಾವು ಹಿಂದಿನಿಂದ ಮಾರ್ಗದರ್ಶನ ನೀಡಿದರು.' ಟಪ್. ಟೈಪಿಸ್ಟು ಕೆಮ್ಮುತ್ತಿದ್ದಳು, ಅದು ನೆಗಡಿಯ ಕೆಮ್ಮಲ್ಲ. ಎಂಬತ್ತನಾಲ್ಕನೆಯ ಪುಟಕ್ಕೂ ಒತ್ತಿ, ಕಟ್ಟನ್ನು ತಳ್ಳಿದೆ. ಅವಳು ಅಲ್ಲೇ ನಿಂತು, ಬೆರಳಿಗೆ ಎಂಜಲು ಹಚ್ಚಿಕೊಂಡು, ಥೇಟ್ ನನ್ನ ಹಾಗೆಯೇ ಒಂದೊಂದೇ ಪುಟ ತಿರುವಿದಳು.

"ಸರ್, ಎಪ್ಪತ್ತೊಂದನೇ ಪುಟಕ್ಕೆ ಮೊಹರು ಬಿದ್ದಿಲ್ಲ."

"ಎರಡು ಪುಟ ಅಂಟಿಕೊಂಡಿರಬೇಕು," ಎಂದೆ. ಅಂಟಿಕೊಂಡಿರಲಿಲ್ಲ. ಬೇಕೆಂತಲೇ ಬಿಟ್ಟಿದ್ದೆ.

"ಓದಿ ಹಾಕಿ ಸರ್. ಗಟ್ಟಿಯಾಗಿ ಓದಿದ್ರೂ ಪರವಾಗಿಲ್ಲ."

ನಾನು ಮೊಹರಿಗೆ ಶಾಯಿ ಹಚ್ಚುತ್ತ ಕೂತೆ. ಸಾಲಿನ ಮೊದಲಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಕತ್ತು ಚಾಚಿ, ಸ್ಪಷ್ಟವಾದ ಉಚ್ಚಾರಣೆಯಲ್ಲಿ ಎಲ್ಲರಿಗೂ ಓದಿಬಿಟ್ಟಳು: 'ಹನ್ನೊಂದನೆಯ ದಿನ, ಬೆಳಿಗ್ಗೆ ಏಳೂವರೆ. ಸದರಿಯವರು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ನಿಂತು, ಕುಲಸಚಿವರೇ ಎದುರಿಗಿದ್ದಾರೆಂದು ಭಾವಿಸಿ, "ಸರ್, ನನ್ನ ಹೆಂಡತಿ ಬಹಳ ಕಷ್ಟಪಟ್ಟು ಓದಿದ್ದಾಳೆ, ದಯವಿಟ್ಟು ಬೇಗ ಮಾಡಿಕೊಡಿ ಸರ್" ಎಂದು ಮೂರು ಸಲ ಅಭ್ಯಾಸ ಮಾಡಿದರು. ನಾಲ್ಕನೆಯ ಸಲಕ್ಕೆ ಕನ್ನಡಿಗೇ ಕೈಮುಗಿದು ಸ್ನಾನಕ್ಕೆ ಹೋದರು.'

ನಿಯಮ ನಿಯಮವೇ. ಮೊಹರು ಒತ್ತಿದೆ. ಅದು ಸ್ವಲ್ಪ ಓರೆಯಾಗಿ ಬಿತ್ತು, ಆದರೆ ಆ ಬಗ್ಗೆ ಯಾರೂ ಆಕ್ಷೇಪಣೆ ಎತ್ತಲಿಲ್ಲ.

ಅವಳಿಗೆ ಇಪ್ಪತ್ತೂ ಕ್ರೆಡಿಟ್ ಬಂದವು, ಪದವಿ ಬಂತು, ಕೆಲಸಕ್ಕೆ ಒಂದು ದಿನ ಮುಂಚೆಯೇ ಹಾಜರಾದಳು. ನನಗೆ ನಿಜವಾಗಿ ಸಂತೋಷವಾಯಿತು, ಈ ಸಲ ಮನೆಯಲ್ಲೂ ಹೇಳಿದೆ. ಕಚೇರಿಯ ಸ್ಥಿತಿ ಮಾತ್ರ ಕೇಳಬೇಡಿ. ಮೊನ್ನೆ ಒಬ್ಬನಿಗೆ ನಾಲ್ಕು ಆಕ್ಷೇಪಣೆ ಬರೆದು ಅರ್ಜಿ ವಾಪಸು ಕೊಟ್ಟೆ. ಮೊದಲಾಗಿದ್ದರೆ ಕಣ್ಣಲ್ಲಿ ನೀರು ತುಂಬಿಕೊಂಡು ಹೋಗುತ್ತಿದ್ದ. ಈಗ ಅವನು ಕೌಂಟರಿನ ಮೇಲೆ ಮೊಣಕೈ ಊರಿ, ನನ್ನ ಕಡೆ ಬಾಗಿ, ತುಂಬ ವಿಶ್ವಾಸದಿಂದ ಹೇಳಿದ:

"ಪರವಾಗಿಲ್ಲ ಸರ್. ನಾಳೆ ಬೆಳಿಗ್ಗೆ ಏಳೂವರೆಗೆ ಕನ್ನಡಿ ಮುಂದೆ ನಿಂತಾಗ ನನ್ನದೂ ಒಂದ್ ಮಾತು ಹೇಳಿಬಿಡಿ."