ದೊರೆಯ ಮೌನವ್ರತ

ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತನಾದ ಮನುಷ್ಯನಿಗೆ ಒಂದು ನಾಯಿಯ ಬಾಯಿ ಮುಚ್ಚಿಸುವುದು ಯಾವ ಮಹಾ ಕೆಲಸ? ಹೀಗೆಂದು ನಾನು ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಪಕ್ಕದ ಮನೆಯ ವನಜಾಕ್ಷಮ್ಮನವರಿಗೆ ಮಾತು ಬೇರೆ ಕೊಟ್ಟೆ!

ನಮ್ಮ ನಾಯಿಯ ಹೆಸರು ದೊರೆ. ಕೆ.ಆರ್. ಪುರದ ನಮ್ಮ ಬಡಾವಣೆಯಲ್ಲಿ ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿ ಅಲುಗಾಡುವಂತಿರಲಿಲ್ಲ. ಹಾಲಿನವನು, ಪಾರ್ಸೆಲ್ ತರುವವನು, ಬೈಯಪ್ಪನಹಳ್ಳಿ ಕಡೆಯಿಂದ ಕೂಗುತ್ತಾ ಬರುವ ರೈಲು, ಕೊನೆಗೆ ನಮ್ಮದೇ ಅಡುಗೆಮನೆಯ ಕುಕ್ಕರ್, ಎಲ್ಲರಿಗೂ ಬೊಗಳುತ್ತಿದ್ದ. ಕುಕ್ಕರ್‌ಗಾದರೂ ಮೂರು ಕೂಗಿನ ಮಿತಿಯಿದೆ. ದೊರೆಗೆ ಅದೂ ಇರಲಿಲ್ಲ.

ಒಂದು ಬೆಳಿಗ್ಗೆ ವನಜಾಕ್ಷಮ್ಮ ಕಾಂಪೌಂಡಿನ ಆಚೆಯಿಂದ ಕರೆದರು. ವಿಮಾ ಕಚೇರಿಯಲ್ಲಿದ್ದವರು, ದನಿ ಏರಿಸುವವರಲ್ಲ. ಆದರೆ ಅಂದು ಕಣ್ಣಲ್ಲಿ ನೀರಿತ್ತು.

"ಹೋದ ಸಲ ನಮ್ ಮಗಳು ಶ್ವೇತಾನ ನೋಡೋಕೆ ಬಂದಿದ್ರಲ್ಲ ಸಾರ್, ಆ ಹುಡುಗ ನಿಮ್ಗೆ ಹಾಡೋಕೆ ಬರುತ್ತಾ ಅಂತ ಕೇಳ್ದ. ನಿಮ್ ದೊರೆ ಗಲಾಟೇಲಿ ಇವಳಿಗೆ ಕೇಳಿಸ್ಲಿಲ್ಲ, 'ಆಂ?' ಅಂದ್ಲು. ಅವ್ನು ಮತ್ತೆ ಕೇಳ್ದ. ಇವಳು ಮತ್ತೆ 'ಆಂ?' ಅಂದ್ಲು. ಹುಡುಗಿಗೆ ಕಿವಿ ಮಂದ ಅಂತ ಎದ್ದು ಹೋದ್ರು! ಈ ಭಾನುವಾರ ಇನ್ನೊಬ್ರು ಬರ್ತಿದಾರೆ."

ನನ್ನೊಳಗಿನ ಅಧಿಕಾರಿ ಎದ್ದು ನಿಂತ. "ಅಮ್ಮಾ, ಭಾನುವಾರ ದೊರೆ ಒಂದೇ ಒಂದು ಸಲ ಬೊಗಳ್ಲಿ, ಸೋಮವಾರಾನೇ ಅವನನ್ನ ಹೊಸಕೋಟೆಯ ಭಾಮೈದನ ತೋಟಕ್ಕೆ ಕಳ್ಸಿಬಿಡ್ತೀನಿ!" ಎಂದು ಘೋಷಿಸಿದೆ.

ಒಳಗೆ ಬಂದರೆ ಹೆಂಡತಿ ಸರೋಜ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಕಳ್ಸಿ. ಜೊತೆಗೆ ನಾನೂ ಹೋಗ್ತೀನಿ. ಅದು ನನ್ ತಮ್ಮನ ತೋಟ ತಾನೆ? ನೀವು ಇಲ್ಲಿ ಕುಕ್ಕರ್ ಜೊತೆ ಬೊಗಳ್ಕೊಂಡಿರಿ."

ದೊರೆಯನ್ನು ಬಿಟ್ಟಿರುವುದು ನನ್ನಿಂದಲೂ ಆಗದ ಮಾತು. ಆದರೆ ಕೊಟ್ಟ ಮಾತನ್ನು ನುಂಗುವುದು ಹೇಗೆ?

ಗೆಳೆಯ ಸೆಲ್ವರಾಜನನ್ನು ಕರೆಸಿದೆ. ಹಲಸೂರಿನಲ್ಲಿ ಹುಟ್ಟಿ ಬೆಳೆದವನು, ನಮ್ಮ ಕಾರ್ಖಾನೆಯಲ್ಲೇ ವೆಲ್ಡಿಂಗ್ ವಿಭಾಗದಲ್ಲಿದ್ದವನು. ನನ್ನ ಯೋಜನೆಯನ್ನು ಅವನಿಗೆ ವಿವರಿಸಿದೆ. ದೊರೆ ಯಾವುದನ್ನು ಕಂಡರೆ ಬೊಗಳುತ್ತಾನೋ ಅದನ್ನೇ ಮತ್ತೆ ಮತ್ತೆ ತೋರಿಸಬೇಕು, ಸುಮ್ಮನಿದ್ದರೆ ತಿನ್ನಲು ಕೊಡಬೇಕು. ಅಂದರೆ ಹೆಣ್ಣು ನೋಡುವ ಶಾಸ್ತ್ರದ ಪೂರ್ಣ ಪ್ರಮಾಣದ ರಿಹರ್ಸಲ್ ಆಗಬೇಕು! ಟ್ರಯಲ್ ಆಗದೆ ನಮ್ಮ ವಿಭಾಗದಿಂದ ಒಂದು ನಟ್ಟೂ ಹೊರಗೆ ಹೋದದ್ದಿಲ್ಲ.

"ನಾನು ಹುಡುಗನ ತಂದೆ, ಸರೋಜ ತಾಯಿ, ನೀನು ಹುಡುಗ."

"ಎನ್ನ ಸಾರ್ ಇದು! ಮೊಮ್ಮಗ ಸ್ಕೂಲಿಗೆ ಹೋಗ್ತಿದಾನೆ, ನನ್ಗೆ ಕಲ್ಯಾಣಮಾ?" ಎಂದ ಸೆಲ್ವರಾಜ. ಮಾರನೇ ದಿನ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದ.

ದೊರೆಗೆ ಬಿಸ್ಕತ್ತು ತೋರಿಸಿದೆವು. ತಿಂದು ಬೊಗಳಿದ. ರಸ್ಕು ಕೊಟ್ಟೆವು. ತಿಂದು ಇನ್ನೂ ಜೋರಾಗಿ ಬೊಗಳಿದ. ಆಗ ಸೆಲ್ವರಾಜ ಶಿವಾಜಿನಗರಕ್ಕೆ ಹೋಗಿ ಕೋಳಿ ಲಿವರ್ ತಂದು, ತನ್ನ ಮನೆಯಲ್ಲೇ ಬೇಯಿಸಿ ಡಬ್ಬಿಯಲ್ಲಿ ತಂದುಕೊಟ್ಟ. ಸರೋಜ ಮೂಗು ಮುಚ್ಚಿಕೊಂಡು ಒಪ್ಪಿದಳು. ಆದರೆ ಲಿವರನ್ನು ಇಟ್ಟುಕೊಳ್ಳುವುದೆಲ್ಲಿ? ಹುಡುಗನ ತಂದೆಯ ವೇಷದಲ್ಲಿ ನಾನು ಉಟ್ಟಿದ್ದು ರೇಷ್ಮೆ ಪಂಚೆ, ಹೊದ್ದಿದ್ದು ಶಲ್ಯ. ಜೇಬಿಲ್ಲ! ಹೀಗಾಗಿ ಹುಡುಗನ ಕಡೆಯವರು ಹಿಡಿದು ಬರುವ ಹಣ್ಣಿನ ತಟ್ಟೆಯಲ್ಲಿ, ವೀಳ್ಯದೆಲೆಯ ಕೆಳಗೆ ಬಚ್ಚಿಟ್ಟೆ. ಇಂಥ ಬುದ್ಧಿ ಎಲ್ಲರಿಗೂ ಹೊಳೆಯುವುದಿಲ್ಲ.

ವಾರವಿಡೀ ರೇಷ್ಮೆ ಸೀರೆ, ಮಲ್ಲಿಗೆ, ತಟ್ಟೆ ಸಮೇತ ನಮ್ಮ ಗೇಟಿನಿಂದ ಹೊರಗೆ ಹೋದೆವು, ಒಳಗೆ ಬಂದೆವು. ಎದುರು ಮನೆಯವರು "ಸಾರ್, ದಿನಾ ಬರ್ತಿದೀರಲ್ಲ, ಹುಡುಗಿ ಒಪ್ತಾ ಇಲ್ವಾ?" ಎಂದು ಕೇಳಿದರು. ಶನಿವಾರದ ಹೊತ್ತಿಗೆ ಪವಾಡ ನಡೆದಿತ್ತು. ತಟ್ಟೆ ಕಂಡೊಡನೆ ದೊರೆ ಮೌನವ್ರತ ಹಿಡಿದ ಸ್ವಾಮಿಗಳಂತೆ ಬಾಯಿ ಬಿಗಿದು ನಮ್ಮ ಹಿಂದೆಯೇ ನಡೆಯತೊಡಗಿದ. ಬಾಯಿ ಬಿಗಿದಿದ್ದನ್ನು ನಾನು ಗಮನಿಸಿದೆ. ಹಿಂದೆಯೇ ನಡೆಯುವುದನ್ನು ಗಮನಿಸಲಿಲ್ಲ. ಕ್ವಾಲಿಟಿ ವಿಭಾಗ!

ಭಾನುವಾರ ಬಂತು. ನಾನು ದೊರೆಯ ಸರಪಳಿ ಬಿಚ್ಚಿದೆ.

"ಕಟ್ಟಿಹಾಕ್ರೀ," ಎಂದಳು ಸರೋಜ.

"ಪರೀಕ್ಷೆಗೆ ಕೂತವರನ್ನ ಯಾರಾದ್ರೂ ಕಟ್ಟಿಹಾಕ್ತಾರೇನೆ?" ಎಂದು ಲುಂಗಿ ಬನಿಯನ್ನಿನಲ್ಲೇ ಜಗಲಿಯ ಮೇಲೆ ಕುಳಿತು ಪೇಪರ್ ಬಿಡಿಸಿದೆ. ಪಕ್ಕದ ಮನೆಯ ಮುಂದೆ ಕಾರು ನಿಂತ ಸದ್ದಾಯಿತು. ಬೊಗಳಲಿಲ್ಲ. ಗೇಟು ಕಿರುಗುಟ್ಟಿತು. ಬೊಗಳಲಿಲ್ಲ! ಎದೆಯುಬ್ಬಿಸಿ, ಶಹಬ್ಬಾಸ್ ಎನ್ನಲು ತಿರುಗಿದೆ. ದೊರೆ ಇರಲಿಲ್ಲ. ನಮ್ಮ ಗೇಟು ಅರ್ಧ ತೆರೆದಿತ್ತು.

ಕಾಂಪೌಂಡಿನ ಮೇಲಿಂದ ಇಣುಕಿದರೆ ವನಜಾಕ್ಷಮ್ಮನವರ ಹಾಲ್ ಕಿಟಕಿಯಲ್ಲಿ ಕಂಡಿತು. ಸೋಫಾದ ಮೇಲೆ ಹುಡುಗ, ಅವನ ತಂದೆ, ರೇಷ್ಮೆ ಸೀರೆಯ ತಾಯಿ. ಎದುರಿಗೆ ಟೀಪಾಯಿ. ಅದರ ಮೇಲೆ ಅವರು ತಂದ ಹಣ್ಣಿನ ತಟ್ಟೆ. ಅದರ ಮುಂದೆ ವರನ ಕಡೆಯ ಹತ್ತಿರದ ಸಂಬಂಧಿಯಂತೆ ಗಂಭೀರವಾಗಿ ಕುಳಿತ ದೊರೆ! ಬೀಗರ ಹಿಂದೆಯೇ ಮೆಟ್ಟಿಲು ಹತ್ತಿಬಿಟ್ಟಿದ್ದಾನೆ. ಬೊಗಳದ ಕಾರಣ ಯಾರೂ ಬೇಡವೆಂದಿಲ್ಲ. ವನಜಾಕ್ಷಮ್ಮ ಮಾತ್ರ ಬಿಳಿಚಿಕೊಂಡು ನಿಂತಿದ್ದಾರೆ.

ದೊರೆಯ ಮೂತಿ ನಿಧಾನವಾಗಿ ವೀಳ್ಯದೆಲೆಯ ಕಡೆಗೆ ಚಾಚಿತು. ಲುಂಗಿ ಬನಿಯನ್ನಿನಲ್ಲೇ ಓಡಿ ಹೋಗಿ ಹಾಲ್‌ಗೆ ನುಗ್ಗಿ ಅರಚಿದೆ:

"ಲೋ ದೊರೆ! ಬಿಡೋ! ಆ ತಟ್ಟೇಲಿ ಲಿವರ್ ಇಲ್ಲ ಕಣೋ!"

ಎಲ್ಲರೂ ನನ್ನತ್ತ ತಿರುಗಿದರು.

"ಯಾವ ಲಿವರ್?" ಎಂದರು ಹುಡುಗನ ತಾಯಿ. ಕುತ್ತಿಗೆಯಲ್ಲಿ ತುಳಸಿಮಣಿ ಸರ.

ಸುಮ್ಮನಿರಬೇಕಿತ್ತು. ಆದರೆ ನನಗೆ ಯಾರೂ ಟ್ರೇನಿಂಗ್ ಕೊಟ್ಟಿರಲಿಲ್ಲವಲ್ಲ! "ಕೋಳೀದಮ್ಮಾ, ಚೆನ್ನಾಗಿ ಬೇಯ್ಸಿರ್ತೀವಿ. ವಾರದಿಂದ ನಾವೇ ದಿನಾ ಹೆಣ್ಣು ನೋಡೋಕೆ ಬರ್ತಿದ್ವಿ. ಹುಡುಗ ಸೆಲ್ವರಾಜ, ಅವನಿಗೆ ಮೊಮ್ಮಗ ಇದಾನೆ..." ಎಂದು ಶುರು ಮಾಡಿ ನಿಲ್ಲಿಸಲಾರದೆ ಹೋದೆ. ತೆಂಗಿನಕಾಯಿ ಉರುಳಿತು. ದೊರೆ ಎಲೆಗಳನ್ನೆಲ್ಲ ಎತ್ತಿ ನೋಡಿ, ಮೋಸಹೋದವನಂತೆ ನನ್ನನ್ನೇ ದಿಟ್ಟಿಸಿದ. ಆಗಲೂ ಬೊಗಳಲಿಲ್ಲ. ಸರೋಜ ಬಂದು ಒಂದು ಕೈಯಲ್ಲಿ ಅವನನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಎಳೆದುಕೊಂಡು ಹೋದಳು.

ಸಂಜೆ ವನಜಾಕ್ಷಮ್ಮ ಬಂದರು. ನಾನು ದೊರೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕುಳಿತಿದ್ದೆ.

"ಒಪ್ಪಿಗೆ ಆಯ್ತು ಸಾರ್," ಎಂದರು. "ನೀವು ಹೋದ್ಮೇಲೆ ಹುಡುಗ ನಗೋಕೆ ಶುರು ಮಾಡ್ದ, ಇವಳೂ ನಕ್ಳು, ಇಬ್ರಿಗೂ ನಿಲ್ಸೋಕೇ ಆಗ್ಲಿಲ್ಲ. ನಿಶ್ಚಿತಾರ್ಥಕ್ಕೆ ದೊರೆ ಬರ್ಲೇಬೇಕಂತೆ. ಎಷ್ಟು ಸಂಭಾವಿತ ನಾಯಿ ಅಂದ್ರು ಹುಡುಗನ ತಾಯಿ."

"ನಾನೂ ಬರ್ತೀನಿ!" ಎಂದೆ ಹಿಗ್ಗಿ.

ವನಜಾಕ್ಷಮ್ಮ ನೆಲ ನೋಡಿದರು. "ಅದನ್ನೂ ಕೇಳಿದ್ರು ಸಾರ್. ಆ ಯಜಮಾನ್ರು ಬಂದ್ರೆ, ಕೂಗಾಡ್ದಂಗೆ ಏನಾದ್ರೂ ವ್ಯವಸ್ಥೆ ಮಾಡ್ಬಹುದಾ ಅಂತ..."

"ಮಾಡ್ತೀನಿ ಬಿಡಿ," ಎಂದು ಸರೋಜ ಒಳಗೆ ಹೋಗಿ ಕೋಡುಬಳೆ ಡಬ್ಬಿ ತಂದಳು.

ನಿನ್ನೆ ಮನೆಗೆ ನೆಂಟರು ಬಂದಿದ್ದರು. ನಾನು ತುಟಿ ಬಿಚ್ಚಲಿಲ್ಲ. ಎರಡು ಕೋಡುಬಳೆ ಸಿಕ್ಕಿತು. ದೊರೆ ಬಾಗಿಲಲ್ಲಿ ಕುಳಿತು, ಒಬ್ಬ ಹಿರಿಯ ವಿದ್ಯಾರ್ಥಿಯ ಹಾಗೆ ನನ್ನ ಪ್ರಗತಿಯನ್ನು ಗಮನಿಸುತ್ತಿದ್ದ.